ತೀರ್ಪು ಮುಗಿದ ಮೇಲಿನ ಋಣ

ಆಸ್ತಿಯೆಂದು ಕೊಂಡು ತಂದ ಮನುಷ್ಯ ಒಡೆಯನ ಮೇಲೆ ತಿರುಗಿಬಿದ್ದರೆ ಅದು ಪಾಪವೋ, ಅವನ ಹಕ್ಕೋ? 1839ರಲ್ಲಿ ಕ್ಯೂಬಾದ ಕರಾವಳಿಯಲ್ಲಿ ‘ಅಮಿಸ್ಟಾಡ್’ ಹಡಗಿನ ಆಫ್ರಿಕನ್ ಸೆರೆಯಾಳುಗಳು ಸೆಂಗ್ಬೆ ಪಿಯೆಯ ಮುಂದಾಳತ್ವದಲ್ಲಿ ದಂಗೆಯೆದ್ದು ಕಪ್ತಾನನನ್ನು ಕೊಂದರು. ಹಡಗು ಅಮೆರಿಕದವರ ಕೈಗೆ ಸಿಕ್ಕಿ ಪ್ರಶ್ನೆ ಅಲ್ಲಿನ ಕೋರ್ಟಿನ ಕಟ್ಟೆಯೇರಿತು. ಅಮೆರಿಕದೊಂದಿಗಿನ 1795ರ ಒಪ್ಪಂದವನ್ನು ಮುಂದಿಟ್ಟು ಸ್ಪೇನ್ ಅವರನ್ನು ತನ್ನ ಪ್ರಜೆಗಳ ಸೊತ್ತೆಂದು ಕೇಳಿತು. ಅಧ್ಯಕ್ಷ ವ್ಯಾನ್ ಬ್ಯೂರನ್ ಸರ್ಕಾರವೂ ಆ ಕಡೆಗೇ ವಾಲಿತು. 1841ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಬಿಟ್ಟಿತು. ಅವರು ಹುಟ್ಟಾ ಸ್ವತಂತ್ರರು, ಆಫ್ರಿಕದಿಂದ ಕದ್ದು ತಂದವರು, ಗುಲಾಮರೆನ್ನುವ ಕಾಗದಪತ್ರ ಸುಳ್ಳು ಎಂಬುದು ಅದರ ಆಧಾರ. ಅದೇ ಹಡಗಿನ ಹುಡುಗ ಆಂಟೋನಿಯೊ ಕಪ್ತಾನನ ಗುಲಾಮನೇ ಹೌದೆಂದಾಗಿದ್ದರಿಂದ ಅವನನ್ನು ವಾರಸುದಾರರಿಗೆ ಒಪ್ಪಿಸಬೇಕೆಂಬ ಆದೇಶ ಹಾಗೆಯೇ ಉಳಿಯಿತು. ಅವನು ಬಿಡುಗಡೆ ಕಂಡದ್ದು ಓಡಿಹೋಗಿ. ಕಾಗದ ಸಾಚಾ ಆಗಿದ್ದರೆ ಉಳಿದವರ ಗತಿಯೂ ಅದೇ ಆಗುತ್ತಿತ್ತು ಎಂಬುದೇ ನನ್ನನ್ನು ಕಾಡುವ ಮಾತು.

ಹಡಗಿಲ್ಲದೆಯೂ ಇನ್ನೊಬ್ಬರ ಸೊತ್ತಾಗಿ ಬಾಳಿದವರು ನಮ್ಮಲ್ಲಿದ್ದರು. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದುಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಗದ್ದೆಗಳಲ್ಲಿ ಕೂಲಿಯಾಳುಗಳ ಜೊತೆಗೆ ಕೊಂಡು ತಂದ ಮೂಲದಾಳುಗಳನ್ನೂ ದಾಖಲಿಸಿದ್ದಾನೆ. ಇದೇ ನೆಲದ ಕಲ್ಕುಡ-ಕಲ್ಲುರ್ಟಿ ಪಾಡ್ದನ ಎಂಬ ತುಳು ಹಾಡುಗಥೆ ಅಮೆರಿಕದ ಕೋರ್ಟು ಕೇಳದ ಪ್ರಶ್ನೆಯನ್ನು ಕೇಳುತ್ತದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ ಬೇರೆಡೆ ಇಂಥದ್ದನ್ನು ಮಾಡದಿರಲೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಉಳಿದ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ಕೊನೆಗೆ ತಂಗಿ ಕಲ್ಲುರ್ಟಿಯೊಡನೆ ದೈವವಾಗಿ ಅರಸನನ್ನು ಕಾಡುತ್ತಾನೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಒಬ್ಬನೇ ಎರಡನ್ನೂ ಕಡೆದಿರಲಾರ; ಈ ಕಥೆ ಚರಿತ್ರೆಯಲ್ಲ, ಒಂದು ಧರ್ಮನಿರ್ಣಯ. ದುಡಿದ ಕೈ ಯಾರ ಸೊತ್ತೆಂದು ಅದು ವಿಚಾರಿಸುವುದಿಲ್ಲ, ಅನ್ಯಾಯ ಯಾರಿಗಾಯಿತೆಂದು ವಿಚಾರಿಸುತ್ತದೆ. ಪಣೋಲಿಬೈಲಿನ ದೈವಸ್ಥಾನದಲ್ಲಿ ಜನ ಇಂದಿಗೂ ಕಲ್ಲುರ್ಟಿಗೆ ತಮ್ಮ ದೂರು ಹೇಳಿಕೊಳ್ಳುತ್ತಾರೆ.

ಸತ್ತ ಮೇಲೆ ಸಿಗುವ ಈ ನ್ಯಾಯ ಬದುಕಿರುವವನ ಹೊಟ್ಟೆಗೇನು ಹಾಕಿತು ಎಂದು ಕೇಳುವವರಿದ್ದಾರೆ. ಆ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ದೈವವಾದ ಕೊರಗ ತನಿಯನಿಗೆ ಕೈಮುಗಿದ ಊರುಗಳಲ್ಲೇ ಅವನ ಸಮುದಾಯದ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ನಡೆಯಿತು. ಅದನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಹಾಗೆಂದು ಬರೀ ಕಾನೂನು ಸಾಕೆನ್ನುವುದೂ ಸರಿಯಲ್ಲ. ಭಾರತದ 1843ರ ಕಾಯ್ದೆ ಗುಲಾಮರ ಮೇಲಿನ ಒಡೆತನವನ್ನು ಕೋರ್ಟುಗಳು ಮಾನ್ಯ ಮಾಡಬಾರದೆಂದಿತು, ಒಡೆಯನಿಗೆ ಶಿಕ್ಷೆ ವಿಧಿಸಲಿಲ್ಲ; ಅದಕ್ಕೆ 1860ರ ದಂಡಸಂಹಿತೆ ಬರಬೇಕಾಯಿತು. ಬಿಡುಗಡೆಯಾದ ಆಳಿಗೆ ಉಳಲು ನೆಲವನ್ನು ಆ ಎರಡೂ ಕೊಡಲಿಲ್ಲ. ಅಮೆರಿಕದಲ್ಲೂ ಹೀಗೆಯೇ ಆಯಿತು. ಅಮಿಸ್ಟಾಡಿನವರನ್ನು ಊರಿಗೆ ಕಳುಹಿಸಬೇಕೆಂದು ಕೆಳಗಿನ ಕೋರ್ಟು ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ ಬರಿಗೈಯಲ್ಲಿ ಬಿಟ್ಟಿತು. ಬದುಕುಳಿದ 35 ಮಂದಿ 1842ರ ಆರಂಭದಲ್ಲಿ ಸಿಯೆರಾ ಲಿಯೋನ್ ತಲುಪಿದ್ದು ದಾನಿಗಳು ಕೂಡಿಸಿದ ಹಣದಿಂದ. ಆ ಖರ್ಚು ಅವರನ್ನು ಹದಿನೆಂಟು ತಿಂಗಳು ಬಂಧನದಲ್ಲಿಟ್ಟ ಸರ್ಕಾರ ತೀರಿಸಬೇಕಾದ ಋಣವಾಗಿತ್ತು. ದಾನಕ್ಕೆ ಬಿಡುವ ವಿಷಯ ಅದಾಗಿರಲಿಲ್ಲ.