ಕುಡಿದ ಗುರುವಿಗೆ ಏನು ದಂಡ?

ದರ್ಜಿ ಕುಡಿದು ಕೆಲಸಕ್ಕೆ ಕುಳಿತರೆ ಅಂಗಿ ಕೆಡುತ್ತದೆ. ಮುಂದಿನ ಸಲ ಬೇರೆ ದರ್ಜಿಯ ಬಳಿಗೆ ಹೋಗಬಹುದು. ವಕೀಲನು ಕುಡಿದು ಕೋರ್ಟಿಗೆ ಬಂದರೆ ಕಕ್ಷಿಗಾರನು ಕಾಗದಪತ್ರಗಳನ್ನು ಕಟ್ಟಿಕೊಂಡು ಇನ್ನೊಬ್ಬ ವಕೀಲನ ಮೆಟ್ಟಿಲು ಹತ್ತಬಹುದು. ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ಕುಡಿದು ತರಗತಿಗೆ ಬಂದರೆ, ಎದುರಿಗೆ ಕುಳಿತಿರುವ ಎರಡನೆಯ ತರಗತಿಯ ಮಗು ಎಲ್ಲಿಗೆ ಹೋಗಬೇಕು? ಅದಕ್ಕೆ ಬೇರೆ ಶಾಲೆಯಿಲ್ಲ, ಬೇರೆ ಮೇಷ್ಟ್ರಿಲ್ಲ. ದೂರು ಕೊಡಬೇಕೆಂಬ ತಿಳಿವಳಿಕೆಯೂ ಇಲ್ಲ. ಮೇಷ್ಟ್ರು ಇಂದು ಯಾಕೋ ಬೇರೆ ಥರ ಇದ್ದಾರೆ ಎಂಬುದಷ್ಟೇ ಅದರ ಅರಿವಿಗೆ ಬರುತ್ತದೆ.

ಇಂಥ ಉಪಾಧ್ಯಾಯರನ್ನು ಅಮಾನತುಗೊಳಿಸಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಸರಿಯಾಯಿತು ಎಂದುಕೊಂಡು ಪುಟ ಮಗುಚುತ್ತೇವೆ. ಆದರೆ ಯಾವ ನ್ಯಾಯದಿಂದ ಆತನನ್ನು ದಂಡಿಸಿದರು, ಯಾರ ಹಿತಕ್ಕಾಗಿ ದಂಡಿಸಿದರು, ದಂಡಿಸಿದ್ದರಿಂದ ಆ ಹಿತ ಕೈಗೂಡಿತೇ ಎಂಬ ಪ್ರಶ್ನೆಗಳು ಸುಲಭದವಲ್ಲ. ಇವುಗಳಲ್ಲಿ ಕಾನೂನಿನ ಪಾಲು ಕಡಮೆ, ಧರ್ಮವಿಚಾರದ ಪಾಲೇ ಹೆಚ್ಚು.

ಮೊದಲು ಕಾನೂನು ಏನೆನ್ನುತ್ತದೆ ಎಂಬುದನ್ನು ನೋಡೋಣ. ಕೇಂದ್ರ ಸರ್ಕಾರದ 1964ರ ನಡತೆ ನಿಯಮಗಳಲ್ಲಿ 22ನೆಯದು ಮಾದಕ ಪಾನೀಯಗಳಿಗೆ ಸಂಬಂಧಪಟ್ಟದ್ದು. ನೌಕರನು ತಾನಿರುವ ಪ್ರದೇಶದ ಪಾನ ಸಂಬಂಧವಾದ ಕಾನೂನಿಗೆ ಬದ್ಧನಾಗಿರಬೇಕು, ಕರ್ತವ್ಯದ ವೇಳೆಯಲ್ಲಿ ಅಮಲಿನಲ್ಲಿರಕೂಡದು, ಸಾರ್ವಜನಿಕ ಸ್ಥಳದಲ್ಲಿ ಕುಡಿಯಕೂಡದು, ಕುಡಿದು ಅಲ್ಲಿ ಕಾಣಿಸಿಕೊಳ್ಳಕೂಡದು, ಮಿತಿಮೀರಿ ಕುಡಿಯಕೂಡದು. ರಾಜ್ಯಗಳ ನಿಯಮಗಳೂ ಬಹುಮಟ್ಟಿಗೆ ಇದೇ ಜಾಡಿನವು. ತಪ್ಪಿದವನನ್ನು ದಂಡಿಸುವ ಬಗೆಯನ್ನು ನಮ್ಮಲ್ಲಿ 1957ರ ಸಿವಿಲ್ ಸೇವಾ ನಿಯಮಗಳು ಹೇಳುತ್ತವೆ. ದೋಷಾರೋಪಣ ಪಟ್ಟಿ ಕೊಡಬೇಕು, ಉತ್ತರ ಕೇಳಬೇಕು, ವಿಚಾರಣಾಧಿಕಾರಿಯ ಮುಂದೆ ಸಾಕ್ಷ್ಯ ನಡೆಯಬೇಕು. ವಾಗ್ದಂಡನೆಯಿಂದ ಮೊದಲ್ಗೊಂಡು ವೇತನ ಬಡ್ತಿಯ ತಡೆ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ಕೊನೆಗೆ ವಜಾ—ಹೀಗೆ ದಂಡನೆಯ ಮೆಟ್ಟಿಲುಗಳಿವೆ. ಆರೋಪವನ್ನು ತಿಳಿಸದೆ, ಸಮಾಧಾನ ಹೇಳಿಕೊಳ್ಳಲು ತಕ್ಕ ಅವಕಾಶ ಕೊಡದೆ ಯಾರನ್ನೂ ವಜಾ ಮಾಡಲಾಗದೆಂಬುದು ಸಂವಿಧಾನದ 311ನೆಯ ಅನುಚ್ಛೇದದ ಸಾಮಾನ್ಯ ಕಟ್ಟಳೆ.

ಈ ನಿಯಮಗಳು ಗುಮಾಸ್ತನಿಗೂ ಒಂದೇ, ಉಪಾಧ್ಯಾಯನಿಗೂ ಒಂದೇ. ಆದರೆ ಜನರ ಮನಸ್ಸಿನಲ್ಲಿ ಇವು ಒಂದೇ ಅಲ್ಲ. ಗುಮಾಸ್ತ ಕುಡಿದರೆ “ಪಾಪ, ಮನೆ ಹಾಳಾಯಿತು” ಎನ್ನುವ ಊರೇ ಮೇಷ್ಟ್ರು ಕುಡಿದರೆ “ಕಾಲ ಕೆಟ್ಟಿತು” ಎನ್ನುತ್ತದೆ. ಗುರುವು ದೇವರಿಗೆ ಸಮಾನ ಎಂಬ ಹಳೆಯ ಮಾತನ್ನು ಇದಕ್ಕೆ ಆಧಾರವಾಗಿ ತರುತ್ತಾರೆ. ಈ ಆಧಾರ ನನಗೆ ಒಪ್ಪಿಗೆಯಿಲ್ಲ. ಜನಗಣತಿಗೆ, ಚುನಾವಣೆಗೆ, ಬಿಸಿಯೂಟದ ಲೆಕ್ಕಕ್ಕೆ ದುಡಿಸಿಕೊಳ್ಳುವಾಗ ನೌಕರ, ತಪ್ಪು ಮಾಡಿದಾಗ ಮಾತ್ರ ದೇವರು ಎಂಬುದು ನ್ಯಾಯವಲ್ಲ. ಉಪಾಧ್ಯಾಯನ ಹೊಣೆ ದೊಡ್ಡದು ಎಂಬುದು ದಿಟ. ಆದರೆ ಅದು ಆತನ ಪದವಿಯಿಂದ ಬಂದದ್ದಲ್ಲ, ಮಗುವಿನ ಅಸಹಾಯಕತೆಯಿಂದ ಬಂದದ್ದು. ತನ್ನನ್ನು ಆರಿಸಿಕೊಳ್ಳದ, ತನ್ನಿಂದ ತಪ್ಪಿಸಿಕೊಳ್ಳಲಾರದ, ತನ್ನನ್ನೇ ನೋಡಿ ಕಲಿಯುವ ಜೀವ ಎದುರಿಗಿದೆ. ಆ ಕಾರಣಕ್ಕೆ ಆತ ಇತರರಿಗಿಂತ ಎಚ್ಚರವಾಗಿರಬೇಕು.

ಆಧಾರ ಸ್ಪಷ್ಟವಾದರೆ ಅದರ ಎಲ್ಲೆಯೂ ಸ್ಪಷ್ಟವಾಗುತ್ತದೆ. ಮಗುವನ್ನು ಮುಟ್ಟುವುದೆಲ್ಲ ಶಿಸ್ತಿಗೆ ಒಳಪಟ್ಟದ್ದು; ಮುಟ್ಟದ್ದು ಆತನ ಸ್ವಂತ ವಿಚಾರ. ಪಾನನಿರೋಧವಿಲ್ಲದ ನಾಡಿನಲ್ಲಿ, ಬೆಂಗಳೂರಿನಂಥ ಊರಿನ ಒಬ್ಬ ಉಪಾಧ್ಯಾಯ ಶನಿವಾರ ರಾತ್ರಿ ತನ್ನ ಮನೆಯಲ್ಲಿ ಒಂದು ಲೋಟ ಕುಡಿದರೆ ಅದು ಆತನ ವೈದ್ಯನ ಚಿಂತೆ, ಹೆಂಡತಿಯ ಚಿಂತೆ, ಇಲಾಖೆಯ ಚಿಂತೆಯಲ್ಲ. ಅದೇ ಮನುಷ್ಯ ಸಣ್ಣ ಹಳ್ಳಿಯೊಂದರಲ್ಲಿ ಸಂಜೆ ಅಂಗಡಿಯ ಮುಂದೆ ಬಿದ್ದಿದ್ದರೆ ಹಾಗೆನ್ನಲಾಗದು. ಅಲ್ಲಿ ಶಾಲೆಯ ಗೋಡೆ ಊರನ್ನು ಹೊರಗಿಡುವುದಿಲ್ಲ. ಮೇಷ್ಟ್ರನ್ನು ದಾಟಿಕೊಂಡು ಮನೆಗೆ ಹೋದ ಹುಡುಗ ಬೆಳಿಗ್ಗೆ ಅವರ ಮುಂದೆಯೇ ಮಗ್ಗಿ ಒಪ್ಪಿಸಬೇಕು.

ಇನ್ನು ದೋಷದ ಪ್ರಶ್ನೆ. ಕುಡಿದು ತಪ್ಪು ಮಾಡಿದವನಿಗೆ ಹೆಚ್ಚು ಶಿಕ್ಷೆಯೋ, ಕಡಮೆ ಶಿಕ್ಷೆಯೋ? ಗ್ರೀಸ್ ದೇಶದ ಮಿಟಿಲೀನ್ ನಗರದ ಶಾಸನಕರ್ತ ಪಿಟ್ಟಕಸ್ ಅಮಲಿನಲ್ಲಿ ಮಾಡಿದ ಅಪರಾಧಕ್ಕೆ ಹೆಚ್ಚಿನ ದಂಡ ವಿಧಿಸಿದನೆಂದು ಅರಿಸ್ಟಾಟಲ್ ಹೇಳುತ್ತಾನೆ. ಆಗ ನನಗೆ ಎಚ್ಚರವಿರಲಿಲ್ಲ ಎಂಬ ಮಾತು ನೆಪವಾಗಲಾರದು, ಎಚ್ಚರ ತಪ್ಪದಿರುವುದು ನಿನ್ನ ಕೈಯಲ್ಲೇ ಇತ್ತಲ್ಲ ಎಂಬುದು ಅರಿಸ್ಟಾಟಲನ ವಾದ. ಎಸೆದ ಕಲ್ಲನ್ನು ಹಿಂದಕ್ಕೆ ಕರೆಯಲಾಗದು. ಆದರೆ ಎಸೆದದ್ದು ನೀನೇ ಎಂದು ಅವನು ದೃಷ್ಟಾಂತವನ್ನೂ ಕೊಡುತ್ತಾನೆ.

ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಈ ವಾದ ಇಂದಿಗೂ ಬಲವಾದದ್ದೇ. ಆದರೆ ಈ ನಡುವೆ ವೈದ್ಯಶಾಸ್ತ್ರ ಇನ್ನೊಂದು ಮಾತನ್ನು ಸೇರಿಸಿದೆ. ಕುಡಿತದ ಚಟ ಒಂದು ಕಾಯಿಲೆಯೆಂದು ಅಮೆರಿಕದ ವೈದ್ಯಸಂಘ 1956ರಲ್ಲಿಯೇ ಸಾರಿತು. ನಮ್ಮ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋರೋಗದ ಅರ್ಥದೊಳಗೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಿಗಳಿಗೆಂದೇ ಚಿಕಿತ್ಸಾ ಕೇಂದ್ರವಿದೆ. ಹಾಗಾದರೆ ಒಂದೇ ಮನುಷ್ಯ ಒಂದು ಕಾಯಿದೆಯ ಕಣ್ಣಿಗೆ ರೋಗಿ, ಇನ್ನೊಂದು ನಿಯಮದ ಕಣ್ಣಿಗೆ ಅಪರಾಧಿ!

ಇವೆರಡೂ ಏಕಕಾಲಕ್ಕೆ ನಿಜವಾಗಿರಬಹುದೆಂದು ನನಗೆ ತೋರುತ್ತದೆ. ಮೊದಲನೆಯ ಲೋಟವನ್ನು ಎತ್ತಿದ ಕೈ ಸ್ವತಂತ್ರವಾದದ್ದು. ಸಾವಿರದನೆಯದನ್ನು ಎತ್ತಿದ ಕೈ ಅಷ್ಟು ಸ್ವತಂತ್ರವಲ್ಲ. ಆದರೆ ಕೈ ನಡುಗುವಷ್ಟು ಚಟ ಹತ್ತಿದವನಿಗೂ ಎಚ್ಚರದ ಗಳಿಗೆಗಳಿರುತ್ತವೆ. “ಇವತ್ತು ನಾನು ಶಾಲೆಗೆ ಹೋಗಬಾರದು, ರಜೆ ಬರೆಯಬೇಕು, ನಾಳೆ ಆಸ್ಪತ್ರೆಗೆ ಹೋಗಬೇಕು” ಎಂದುಕೊಳ್ಳುವ ಶಕ್ತಿ ಎಲ್ಲರಲ್ಲಿಯೂ ಪೂರಾ ಸತ್ತಿರುವುದಿಲ್ಲ. ಚಟಕ್ಕೆ ಆತ ಹೊಣೆಯಲ್ಲದಿರಬಹುದು, ಚಟವನ್ನು ತರಗತಿಯೊಳಕ್ಕೆ ತಂದದ್ದಕ್ಕೆ ಹೊಣೆಯೇ. ಅಮಲಿನಲ್ಲಿ ಮಗುವಿನ ಮೇಲೆ ಕೈಮಾಡಿದವನು, ಅಸಭ್ಯವಾಗಿ ವರ್ತಿಸಿದವನು ರೋಗದ ಹೆಸರು ಹೇಳಿ ಪಾರಾಗಕೂಡದು. ಅಲ್ಲಿ ಪಿಟ್ಟಕಸನ ಮಾತೇ ನಡೆಯಬೇಕು.

ದೋಷ ನಿಶ್ಚಯವಾಗುವ ಮೊದಲು ಸಂಗತಿ ನಿಶ್ಚಯವಾಗಬೇಕಷ್ಟೆ. ಬಾಯಿಂದ ವಾಸನೆ ಬರುತ್ತಿತ್ತು, ನಡಿಗೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು, ಕಣ್ಣಿನ ಪಾಪೆ ಹಿಗ್ಗಿತ್ತು ಎಂಬಷ್ಟರಿಂದಲೇ, ರಕ್ತ ಮೂತ್ರಗಳ ಪರೀಕ್ಷೆಯಿಲ್ಲದೆ, ಮನುಷ್ಯ ಕುಡಿದಿದ್ದನೆಂದು ತೀರ್ಮಾನಿಸಲಾಗದೆಂದು ಸುಪ್ರೀಂ ಕೋರ್ಟು 1971ರಲ್ಲಿ ಒಂದು ಕ್ರಿಮಿನಲ್ ಮೊಕದ್ದಮೆಯಲ್ಲಿ ಹೇಳಿತು. ಇಲಾಖಾ ವಿಚಾರಣೆಗೆ ಅಷ್ಟು ಕಟ್ಟುನಿಟ್ಟಾದ ಸಾಕ್ಷ್ಯ ಬೇಕಿಲ್ಲ; ಸಂಭವನೀಯತೆಯ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂದು ನೋಡಿದರೆ ಸಾಕು. ಆದರೆ ತಕ್ಕಡಿಯ ತಟ್ಟೆಯಲ್ಲಿ ಏನಾದರೂ ಇರಬೇಕಲ್ಲ? ಹಳ್ಳಿಗಳಲ್ಲಿ ಬಹಳ ಸಲ ಇರುವುದು ಮುಖ್ಯೋಪಾಧ್ಯಾಯರ ಮೂಗು, ಪಂಚಾಯಿತಿಯ ಸದಸ್ಯರ ಹೇಳಿಕೆ, ಇವೆರಡೇ. ಊರಿನ ಪಕ್ಷ ಪ್ರತಿಪಕ್ಷಗಳು, ಜಾತಿಯ ಹಳೆಯ ಅಸಮಾಧಾನಗಳು ಇಂಥ ಹೇಳಿಕೆಗಳಲ್ಲಿ ನುಸುಳುವುದು ಸುಲಭ. ಈಗ ಇವುಗಳ ಜೊತೆಗೆ ಕಿಸೆಯ ಫೋನು ಬಂದಿದೆ. ತರಗತಿಯಲ್ಲಿ ಮಲಗಿದ ಮೇಷ್ಟ್ರ ಚಿತ್ರ ಸಂಜೆಯೊಳಗೆ ನಾಡೆಲ್ಲ ಸುತ್ತುತ್ತದೆ. ಚಿತ್ರ ಓಡಾಡಿದೊಡನೆ ಅಮಾನತು ಮಾಡಿ, ಓಡಾಡದ ಕಡೆ ಕಣ್ಣು ಮುಚ್ಚಿಕೊಂಡರೆ, ಇಲಾಖೆ ದಂಡಿಸಿದ್ದು ತಪ್ಪನ್ನೋ, ತನಗಾದ ಮುಜುಗರವನ್ನೋ ಎಂದು ಕೇಳಬೇಕಾಗುತ್ತದೆ.

ಇದೇ ಸುಪ್ರೀಂ ಕೋರ್ಟು 1992ರಲ್ಲಿ, ಸೊಂಟದಲ್ಲಿ ಸರ್ಕಾರಿ ರಿವಾಲ್ವರ್ ಇಟ್ಟುಕೊಂಡು ಕುಡಿದು ತಿರುಗುತ್ತಿದ್ದ ಪಂಜಾಬಿನ ಪೊಲೀಸನೊಬ್ಬನ ವಜಾವನ್ನು ಎತ್ತಿಹಿಡಿಯಿತು. ಕೃತ್ಯ ಒಂದೇ ಆದರೂ ಅತ್ಯಂತ ಗುರುತರವಾದದ್ದಾಗಿದ್ದರೆ ವಜಾಕ್ಕೆ ಅಷ್ಟೇ ಸಾಕೆಂಬುದು ಅದರ ಅಭಿಪ್ರಾಯ. ಪೊಲೀಸನಿಗೆ ರಿವಾಲ್ವರ್ ಇದ್ದಂತೆ ಮೇಷ್ಟ್ರಿಗೆ ಮೂವತ್ತು ಮಕ್ಕಳು ಎಂದು ಹೋಲಿಸುವವರಿದ್ದಾರೆ. ಹೋಲಿಕೆ ಪೂರ್ತಿ ಸುಳ್ಳಲ್ಲ. ಆದರೆ ರಿವಾಲ್ವರನ್ನು ಕಿತ್ತುಕೊಂಡರೆ ಅಪಾಯ ಅಲ್ಲಿಗೆ ಮುಗಿಯಿತು. ಮಕ್ಕಳನ್ನು ಮೇಷ್ಟ್ರಿಂದ ಬಿಡಿಸಿದರೆ ಅವರಿಗೆ ಇನ್ನೊಬ್ಬ ಮೇಷ್ಟ್ರು ಬೇಕು. ಈ ಎರಡನೆಯ ಅರ್ಧವನ್ನು ನಮ್ಮ ಶಿಸ್ತುಕ್ರಮ ಮರೆಯುತ್ತದೆ.

ಬೇರೆ ದೇಶದವರು ಇದನ್ನು ಹೇಗೆ ಕೇಳಿಕೊಂಡಿದ್ದಾರೆ ಎಂಬುದು ಗಮನಾರ್ಹ. ಸ್ಕಾಟ್ಲೆಂಡಿನಲ್ಲಿ 1965ರ ಕಾಯಿದೆಯಿಂದ ಉಪಾಧ್ಯಾಯರ ಒಂದು ಪರಿಷತ್ತು ಏರ್ಪಟ್ಟಿತು. ವಕೀಲರಿಗೂ ವೈದ್ಯರಿಗೂ ಇರುವಂತೆ ಅದಕ್ಕೊಂದು ನೋಂದಣಿ ಪಟ್ಟಿಯಿದೆ. ಅಲ್ಲಿಯ ವಿಚಾರಣೆಯ ಪ್ರಶ್ನೆ ಈತ ಪಾಠ ಹೇಳಲು ತಕ್ಕವನೇ ಎಂಬುದು. ಇಂಗ್ಲೆಂಡಿನಲ್ಲಿ 2018ರಿಂದ ಈ ಕೆಲಸವನ್ನು ಟೀಚಿಂಗ್ ರೆಗ್ಯುಲೇಷನ್ ಏಜೆನ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಉಪಾಧ್ಯಾಯರೂ ಹೊರಗಿನವರೂ ಕೂಡಿದ ಮಂಡಲಿ ವಿಚಾರಣೆ ನಡೆಸಿ, ವೃತ್ತಿಯಿಂದಲೇ ನಿಷೇಧಿಸಬೇಕೆಂದು ಮಂತ್ರಿಗೆ ಶಿಫಾರಸು ಮಾಡಬಹುದು. ಕುಡಿದು ವಾಹನ ನಡೆಸುವಂಥ ಶಾಲೆಯ ಹೊರಗಿನ ಅಪರಾಧವೂ ಗಂಭೀರವಾಗಿದ್ದರೆ ಅಲ್ಲಿ ವಿಚಾರಣೆಗೆ ಬರುತ್ತದೆ. ತಪ್ಪಿತಸ್ಥನಿಗೆ ತನ್ನ ತಪ್ಪಿನ ಅರಿವಿದೆಯೇ, ಮತ್ತೆ ಮಾಡುವ ಸಂಭವವಿದೆಯೇ ಎಂದು ಮಂಡಲಿ ನೋಡುತ್ತದೆ. ಆರೋಪ ರುಜುವಾತಾದ ಮೇಲೂ ನಿಷೇಧ ಬೇಡವೆಂದು ಬಿಟ್ಟದ್ದುಂಟು. ನಿಷೇಧ ಜೀವಾವಧಿಯದಾದರೂ, ಎರಡು ವರ್ಷಕ್ಕೆ ಕಡಮೆಯಿಲ್ಲದ ಅವಧಿಯ ನಂತರ ಮರುಪರಿಶೀಲನೆ ಕೇಳಲು ಅನೇಕರಿಗೆ ಅವಕಾಶ ಕೊಡುತ್ತಾರೆ.

ಈ ಪದ್ಧತಿಯಲ್ಲೂ ಒಂದು ಕ್ರೌರ್ಯವಿದೆ. ತೀರ್ಪನ್ನು ಹೆಸರು ಸಮೇತ ಪ್ರಕಟಿಸುತ್ತಾರೆ. ಇಂದಿನ ಕಾಲದಲ್ಲಿ ಪ್ರಕಟವಾದದ್ದು ಅಳಿಯುವುದಿಲ್ಲ. ಆದರೂ ಅವರ ಪ್ರಶ್ನೆ ನಮ್ಮ ಪ್ರಶ್ನೆಗಿಂತ ಮೇಲಾದದ್ದು. ನಾವು ಏನು ತಪ್ಪು ಮಾಡಿದ, ಎಷ್ಟು ದಂಡ ಎಂದು ಹಿಂದಕ್ಕೆ ತಿರುಗಿ ಕೇಳುತ್ತೇವೆ. ಈತನ ಕೈಗೆ ನಾಳೆ ಮಕ್ಕಳನ್ನು ಒಪ್ಪಿಸಬಹುದೇ ಎಂದು ಅವರು ಮುಂದಕ್ಕೆ ನೋಡಿ ಕೇಳುತ್ತಾರೆ. ಹಿಂದಕ್ಕೆ ನೋಡುವವನು ಎರಡು ವೇತನ ಬಡ್ತಿಗಳನ್ನು ತಡೆಹಿಡಿದು, ಅದೇ ಮೇಷ್ಟ್ರನ್ನು ಅದೇ ಸ್ಥಿತಿಯಲ್ಲಿ ಅದೇ ಕುರ್ಚಿಗೆ ಕಳಿಸಿಬಿಡಬಹುದು. ಮಗುವಿಗೆ ಆ ಬಡ್ತಿಯಿಂದ ಆಗಬೇಕಾದದ್ದೇನು?

ಇದಕ್ಕಿಂತ ಕೆಟ್ಟದ್ದು ವರ್ಗಾವಣೆ. ದಂಡನೆಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಆದರೆ ರಗಳೆ ಬೇಡವೆಂದು ಎಲ್ಲರಿಗೂ ಹೊಳೆಯುವ ಉಪಾಯ ಅದೇ. ತಾಲ್ಲೂಕು ಕೇಂದ್ರದ ಪೋಷಕರು ಗಲಾಟೆ ಮಾಡಿದರೆಂದು ಮೇಷ್ಟ್ರನ್ನು ಬಸ್ಸು ಹೋಗದ ಊರಿಗೆ ಕಳಿಸುವುದೆಂದರೆ, ಗಲಾಟೆ ಮಾಡಲಾರದ ಪೋಷಕರ ಮಕ್ಕಳಿಗೆ ಆ ಶಿಕ್ಷೆಯನ್ನು ವರ್ಗಾಯಿಸಿದಂತೆ. ತಪ್ಪು ಒಬ್ಬನದು, ದಂಡ ಇನ್ನಾವುದೋ ಕಾಡಂಚಿನ ಹುಡುಗನದು. ಇದನ್ನು ಯಾವ ಧರ್ಮಶಾಸ್ತ್ರವೂ ಸಮರ್ಥಿಸಲಾರದು.

ಅಮಾನತೂ ನಿರುಪದ್ರವಿಯಲ್ಲ. ಅದು ದಂಡನೆಯಲ್ಲ, ವಿಚಾರಣೆಯ ಅನುಕೂಲಕ್ಕೆ ಮಾಡಿದ ಏರ್ಪಾಡು ಎನ್ನುತ್ತಾರೆ. ಆದರೆ ಮೊದಲಿಗೆ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಮಾತ್ರ ಬರುವ ಮನೆಯಲ್ಲಿ, ಕುಡಿಯುವವನ ಪಾಲು ಮೊದಲು ಸಲ್ಲುತ್ತದೆ. ಕಡಮೆ ಬೀಳುವುದು ಹೆಂಡತಿ ಮಕ್ಕಳ ಪಾಲು. ಮಾಡಲು ಕೆಲಸವಿಲ್ಲದ ಹಗಲು ಚಟಗಾರನಿಗೆ ಒಳ್ಳೆಯ ಸಂಗಾತಿಯಲ್ಲ. ಮೂರು ತಿಂಗಳೊಳಗೆ ಆರೋಪ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಯಕೂಡದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ್ದು ಇಂಥ ಕಾಯಿಸುವಿಕೆಯನ್ನು ಕಂಡೇ.

ದಂಡಿಸುವ ಸರ್ಕಾರ ತನ್ನ ಕೈಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದ ಹೇಳುತ್ತದೆ. ನಮ್ಮಲ್ಲಿ 2007ರಲ್ಲಿ ಸಾರಾಯಿಯೇನೋ ನಿಂತಿತು. ಉಳಿದ ಮದ್ಯದ ಸಗಟು ವ್ಯಾಪಾರವನ್ನು ಸರ್ಕಾರವೇ 2003ರಲ್ಲಿ ಸ್ಥಾಪಿಸಿದ ಪಾನೀಯ ನಿಗಮದ ಮೂಲಕ ನಡೆಸುತ್ತಿದೆ. ಅಬಕಾರಿಯ ಹಣವೂ ಸೇರಿದ ಬೊಕ್ಕಸದಿಂದಲೇ ಮೇಷ್ಟ್ರಿಗೆ ಸಂಬಳ. 2016ರಿಂದ ಪಾನನಿರೋಧವಿರುವ ಬಿಹಾರ ಇನ್ನೊಂದು ತುದಿಗೆ ಹೋಗಿ, ಕುಡಿಯುವವರನ್ನೂ ಮಾರುವವರನ್ನೂ ಗುರುತಿಸಿ ತಿಳಿಸಿರೆಂದು 2022ರಲ್ಲಿ ಉಪಾಧ್ಯಾಯರಿಗೇ ಹೇಳಿತು. ಉಪಾಧ್ಯಾಯರ ಸಂಘಗಳು ಪ್ರತಿಭಟಿಸಿದವು. ಮಾರುವವನಿಗೆ ದಂಡಿಸುವ ಅಧಿಕಾರವೇ ಇಲ್ಲವೆಂದು ನಾನು ಹೇಳುವುದಿಲ್ಲ; ಮಗುವಿನ ರಕ್ಷಣೆ ಸರ್ಕಾರದ ಕರ್ತವ್ಯ. ಆದರೆ ಮಾರುವವನಿಗೆ ಚಿಕಿತ್ಸೆಯ ಹೊಣೆಯೂ ಉಂಟು.

ಮಹಾಭಾರತದ ಶುಕ್ರಾಚಾರ್ಯರ ಕಥೆ ಎಲ್ಲರೂ ಬಲ್ಲದ್ದು. ಅಸುರರು ಕಚನನ್ನು ಸುಟ್ಟು, ಬೂದಿಯನ್ನು ಸುರೆಯಲ್ಲಿ ಬೆರೆಸಿ ಗುರುವಿಗೇ ಕುಡಿಸಿದರು. ಗುರು ಕುಡಿದದ್ದು ತನ್ನ ಶಿಷ್ಯನನ್ನೇ! ಎಚ್ಚರವಾದಾಗ ಶುಕ್ರರು ಅಸುರರ ಮೇಲೆ ತಪ್ಪು ಹೊರಿಸಿ ಸುಮ್ಮನಾಗಲಿಲ್ಲ. ಹೊಟ್ಟೆಯಲ್ಲಿದ್ದ ಶಿಷ್ಯನಿಗೆ ಸಂಜೀವಿನಿಯನ್ನು ಉಪದೇಶಿಸಿ, ತಮ್ಮ ಪ್ರಾಣವನ್ನೇ ಕೊಟ್ಟು ಅವನನ್ನು ಹೊರಕ್ಕೆ ತಂದರು. ಶಿಷ್ಯನು ಅದೇ ವಿದ್ಯೆಯಿಂದ ಗುರುವನ್ನು ಬದುಕಿಸಿದ. ಆಮೇಲೆ ಪಾನವನ್ನು ನಿಷೇಧಿಸಿದವರು ಆ ಗುರುಗಳೇ. ಇಲ್ಲಿ ಕ್ರಮವನ್ನು ಗಮನಿಸಬೇಕು: ಮೊದಲು ಶಿಷ್ಯನ ಪ್ರಾಣ, ಅನಂತರ ಗುರುವಿನ ಪ್ರಾಣ, ಕೊನೆಯಲ್ಲಿ ಕಟ್ಟಳೆ.

ನಮ್ಮ ಶಿಸ್ತುಕ್ರಮಕ್ಕೂ ಇದೇ ಕ್ರಮ ಸಲ್ಲಬೇಕು. ದೂರು ಬಂದ ದಿನವೇ ಮೇಷ್ಟ್ರನ್ನು ತರಗತಿಯಿಂದ ಬಿಡಿಸಿ, ಆ ದಿನವೇ ವೈದ್ಯಪರೀಕ್ಷೆ ಮಾಡಿಸಿ, ಮರುದಿನವೇ ಬದಲಿ ಉಪಾಧ್ಯಾಯರನ್ನು ಕಳಿಸಬೇಕು. ಮಗುವಿಗೆ ಹಾನಿ ಮಾಡಿರದೆ, ತಪ್ಪೊಪ್ಪಿ ಚಿಕಿತ್ಸೆಗೆ ಸಿದ್ಧನಾದವನಿಗೆ ಕಚೇರಿಯ ಕೆಲಸ ಕೊಟ್ಟು, ವೈದ್ಯರು ತಕ್ಕವನೆಂದ ಮೇಲೆ ತರಗತಿಗೆ ಬಿಡಬೇಕು. ಮತ್ತೆ ಜಾರಿದವನಿಗೆ ಪಾಠದ ಕೆಲಸ ತಪ್ಪಬೇಕು. ಆದರೆ ಅಂಥವನ ವಿಷಯದಲ್ಲಿ ವಜಾಕ್ಕಿಂತ ಕಡ್ಡಾಯ ನಿವೃತ್ತಿ ಲೇಸು, ಅದರಲ್ಲಿ ನಿವೃತ್ತಿವೇತನಕ್ಕೆ ಎಡೆಯುಂಟು. ಮನೆಯವರು ಬೀದಿಗೆ ಬೀಳುವುದಿಲ್ಲ. ಇದಕ್ಕೆಲ್ಲ ಹಣ ಎಲ್ಲಿ ಎಂದು ಕೇಳುವವರು ಅಬಕಾರಿಯ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ.