ಆಸ್ತಿಯ ಪಾಲು, ಆತ್ಮದ ಲೆಕ್ಕ



ಜನಸಂದಣಿಯ ನಡುವಿನಿಂದ ಒಬ್ಬಾತನು ಪ್ರಭು ಯೇಸುವನ್ನು ಕೂಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ತನಗೆ ಪಾಲು ಕೊಡುವಂತೆ ತನ್ನ ಸಹೋದರನಿಗೆ ಹೇಳಬೇಕೆಂದು ಬೇಡಿಕೊಂಡನು (ಲೂಕ 12:13-15). ಪಾಲು ಹಂಚುವ ಪಂಚನಾಗಲು ಪ್ರಭು ಒಪ್ಪಲಿಲ್ಲ. ಲೋಭದ ಬಗ್ಗೆ ಎಲ್ಲರನ್ನೂ ಎಚ್ಚರಿಸಿದರು.

ಹುಮನಾಬಾದ್ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತೊಗರಿ ಬೆಳೆಯುವ ಹೊಲ, ಊರೊಳಗೆ ಎರಡು ಅಂಗಡಿ. ಮೊಮ್ಮಕ್ಕಳ ಓದಿಗೆಂದು ತಂದೆ ಎಲ್ಲವನ್ನೂ ಟ್ರಸ್ಟಿಗೆ ಬರೆದಿಟ್ಟು, ತಮ್ಮನನ್ನೂ ಹಿರಿಮಗನನ್ನೂ ಟ್ರಸ್ಟಿಗಳನ್ನಾಗಿ ಮಾಡಿ ಕಣ್ಣುಮುಚ್ಚಿದರು. ಈಗ ಮೊಮ್ಮಕ್ಕಳ ಓದು ಮುಗಿದಿದೆ. ಒಬ್ಬ ಮಗ ಮಾರೋಣ ಎನ್ನುತ್ತಾನೆ, ಇನ್ನೊಬ್ಬ ಬೇಡ ಎನ್ನುತ್ತಾನೆ. ಮಗಳಿಗೆ ಲೆಕ್ಕವನ್ನೇ ತೋರಿಸಿಲ್ಲ. ಟ್ರಸ್ಟಿಗಳು ಬಂದು ಕೇಳುತ್ತಾರೆ: "ಫಾದರ್, ಟ್ರಸ್ಟನ್ನು ಮುಗಿಸಲು ಕೋರ್ಟಿಗೆ ಹೋದರೆ ಪಾಪವೇ?"

ಸಹೋದರರು ಒಬ್ಬರನ್ನೊಬ್ಬರು ಕೋರ್ಟಿಗೆ ಎಳೆಯುವುದನ್ನು ಸಂತ ಪೌಲರು ಕಟುವಾಗಿ ಖಂಡಿಸಿದ್ದಾರೆ (1 ಕೊರಿಂಥ 6:1-8). ಅವರು ಗದರಿಸಿದ್ದು ತಮ್ಮವರನ್ನೇ ವಂಚಿಸಿ ಗೆಲ್ಲಲು ಹೊರಟವರನ್ನು. ದಾರಿ ಕಾಣದ ಟ್ರಸ್ಟಿ ನಿರ್ದೇಶನ ಕೇಳುವುದು ಬೇರೆ ಮಾತು. 1882ರ ಭಾರತೀಯ ಟ್ರಸ್ಟ್ ಕಾಯಿದೆಯ 77ನೇ ಕಲಮಿನಂತೆ, ಉದ್ದೇಶ ಪೂರ್ಣವಾಗಿ ನೆರವೇರಿದರೆ ಟ್ರಸ್ಟ್ ಕೊನೆಗೊಳ್ಳುತ್ತದೆ. 34ನೇ ಕಲಮಿನಂತೆ, ಆಡಳಿತದ ಪ್ರಶ್ನೆಗಳಲ್ಲಿ ಟ್ರಸ್ಟಿಯು ದಾವೆ ಹೂಡದೆಯೇ ಅರ್ಜಿ ಸಲ್ಲಿಸಿ ನ್ಯಾಯಾಲಯದ ಸಲಹೆ ಬೇಡಬಹುದು. ಜಟಿಲ ವಿವಾದವಾದರೆ ಮಾತ್ರ ದಾವೆಯೇ ಬೇಕಾದೀತು. ಆದರೆ 19ನೇ ಕಲಮನ್ನು ಮರೆಯಬೇಡಿ: ಫಲಾನುಭವಿ ಕೇಳಿದರೆ ಟ್ರಸ್ಟಿ ಲೆಕ್ಕ ತೋರಿಸಲೇಬೇಕು. ಆ ಮಗಳ ಕಣ್ಣೀರಿಗೆ ಕಾನೂನೂ ಕಿವಿಗೊಡುತ್ತದೆ, ದೇವರೂ ಕಿವಿಗೊಡುತ್ತಾರೆ.

ಹಟ ಹಿಡಿದರೆ ಏನಾಗುತ್ತದೆ? 1956ರವರೆಗೆ ನಮ್ಮ ಬೀದರ್ ಜಿಲ್ಲೆ ಸೇರಿದ್ದ ಹೈದರಾಬಾದ್ ಸಂಸ್ಥಾನದ ಹಣವನ್ನೇ ನೋಡಿ. 1948ರ ಸೆಪ್ಟೆಂಬರಿನಲ್ಲಿ ಸುಮಾರು 10 ಲಕ್ಷ ಪೌಂಡ್ ಲಂಡನ್ನಿನ ಬ್ಯಾಂಕಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರರ ಖಾತೆಗೆ ಹೋಯಿತು. ನಿಜಾಮರು ಕೆಲವೇ ದಿನಗಳಲ್ಲಿ ವಾಪಸು ಕೇಳಿದರೂ ಸಿಗಲಿಲ್ಲ. 1967ರಲ್ಲಿ ಅವರು ತೀರಿಕೊಂಡರು. ಅದು ನಿಜಾಮರಿಗಾಗಿ ಟ್ರಸ್ಟಿನಲ್ಲಿದ್ದ ಹಣವೆಂದು ಇಂಗ್ಲೆಂಡಿನ ಹೈಕೋರ್ಟ್ ತೀರ್ಪಿತ್ತದ್ದು 2019ರಲ್ಲಿ. 71 ವರ್ಷಗಳಲ್ಲಿ ಹಣ ಸುಮಾರು ಮೂರೂವರೆ ಕೋಟಿ ಪೌಂಡಿಗೆ ಬೆಳೆದಿತ್ತು, ಕೇಳಿದವರು ಮಣ್ಣಾಗಿದ್ದರು.

ನಮ್ಮ ಬಸವಕಲ್ಯಾಣದಲ್ಲಿ ಬಸವಣ್ಣನವರನ್ನು ಬಿಜ್ಜಳನ ಭಂಡಾರಿ ಎಂದು ನೆನೆಯುತ್ತಾರೆ. ಭಂಡಾರಿಯ ಕೈಯಲ್ಲಿ ಬೀಗದ ಕೈ ಇರುತ್ತದೆ, ಭಂಡಾರ ಅವನದಲ್ಲ. ಟ್ರಸ್ಟಿಯೂ ಹಾಗೆಯೇ. ತಂದೆತಾಯಿಯರಾದ ನಾವೆಲ್ಲರೂ ಹಾಗೆಯೇ.

ಆದುದರಿಂದ ಅರ್ಜಿ ಬರೆಸುವ ಮುನ್ನ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ತೆರೆಯಿರಿ. ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿ. ಒಟ್ಟಿಗೆ ಜಪಸರ ಹೇಳಿ, ಆಮೇಲೆ ಮಾತನಾಡಿ. ಆಗಲೂ ಬಗೆಹರಿಯದಿದ್ದರೆ ಹಗೆಯಿಲ್ಲದೆ ನ್ಯಾಯಾಲಯಕ್ಕೆ ಹೋಗಿ, ಬಂದ ನಿರ್ದೇಶನಕ್ಕೆ ತಲೆಬಾಗಿ. ನ್ಯಾಯಾಲಯ ಹೊಲವನ್ನು ಹಂಚಬಲ್ಲದು, ಅಣ್ಣತಮ್ಮಂದಿರನ್ನು ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂರಿಸಲಾರದು. ಆ ಕೆಲಸ ನಮ್ಮದು. ಬಲಿಪೀಠಕ್ಕೆ ಕಾಣಿಕೆ ತರುವ ಮುನ್ನ ಸಹೋದರನೊಡನೆ ರಾಜಿಯಾಗಬೇಕೆಂಬುದು ಪ್ರಭುವಿನ ಆಜ್ಞೆ (ಮತ್ತಾಯ 5:23-24).

ಪ್ರಭುವೇ, ನಮ್ಮ ಕೈಗೆ ಒಪ್ಪಿಸಿದ್ದನ್ನು ನಿಷ್ಠೆಯಿಂದ ಕಾಯುವ, ಸಮಯ ಬಂದಾಗ ಸಂತೋಷದಿಂದ ಬಿಟ್ಟುಕೊಡುವ ಮನಸ್ಸನ್ನು ನಮಗೆ ನೀಡಿ. ಆಮೆನ್.