ಹಳದಿ ಶಂಖ ಮತ್ತು ದೋಷವಿಲ್ಲದ ಕಣ್ಣು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯೊಳಗೆ ಅಡಗಿರುವ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿವೆ. ಪಿತ್ತದೋಷವುಳ್ಳವನಿಗೆ ಬಿಳಿಯ ಶಂಖ ಹಳದಿಯಾಗಿ ತೋರುವ ಪ್ರಸಂಗ, ಭ್ರಮೆ ಹುಟ್ಟುವ ಬಗೆಯನ್ನು ವಿವರಿಸುವ ಖ್ಯಾತಿವಾದಗಳಲ್ಲಿ, ಹಗ್ಗದಲ್ಲಿ ಕಂಡ ಹಾವು ಮತ್ತು ಚಿಪ್ಪಿನಲ್ಲಿ ಕಂಡ ಬೆಳ್ಳಿಯ ಜೊತೆಗೆ ಮತ್ತೆ ಮತ್ತೆ ಬರುತ್ತದೆ. ನೈಯಾಯಿಕರು ಇದನ್ನು, ವಸ್ತುವನ್ನು ಅದಲ್ಲದ ರೂಪದಲ್ಲಿ ತಿಳಿಯುವ ‘ಅನ್ಯಥಾಖ್ಯಾತಿ’ ಎಂದರೆ, ರಾಮಾನುಜರು ಶ್ರೀಭಾಷ್ಯದಲ್ಲಿ, ಕಣ್ಣಿನ ಕಿರಣಗಳೊಡನೆ ಹೊರಟ ಪಿತ್ತದ ಹಳದಿಯೇ ಶಂಖದ ಬಿಳುಪನ್ನು ಮುಚ್ಚುತ್ತದೆ, ಆದ್ದರಿಂದ ಕಂಡ ಹಳದಿಯೂ ಸತ್ಯವೇ ಎಂದು ವಾದಿಸಿದರು. ಇಷ್ಟು ಭಿನ್ನವಾಗಿ ಯೋಚಿಸಿದ ಇವರಿಬ್ಬರೂ ದೋಷವಿಲ್ಲದ ಕಣ್ಣಿಗೆ ಶಂಖ ಬಿಳಿಯಾಗಿಯೇ ಕಾಣುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿದಿದ್ದಾರೆ. ಆದರೆ ಆ ಆರೋಗ್ಯವಂತ ಕಣ್ಣಿಗೂ ಎಷ್ಟು ಕಾಣುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಬೆಳಕಿನ ಅಲೆಗಳಲ್ಲಿ ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದವು ಮಾತ್ರ ಮನುಷ್ಯನಿಗೆ ಬಣ್ಣವಾಗಿ ಕಾಣುತ್ತವೆ. ಅಕ್ಷಿಪಟಲದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವು. ಒಂದೊಂದು ಬಗೆಯ ಕೋಶವೂ ತಾನು ಎಷ್ಟು ಬೆಳಕನ್ನು ಹೀರಿತು ಎಂಬುದನ್ನಷ್ಟೇ ತಿಳಿಸಬಲ್ಲದು, ಅದು ಯಾವ ತರಂಗದೂರದ ಬೆಳಕು ಎಂಬುದನ್ನಲ್ಲ. ಈ ಮೂರು ವರದಿಗಳ ಹೋಲಿಕೆಯಿಂದ ಬಣ್ಣದ ಅರಿವು ಮೂಡುವುದರಿಂದ, ತೀರ ಬೇರೆ ಬೇರೆ ಬೆಳಕುಗಳು ಒಂದೇ ವರದಿಯನ್ನು ಕೊಟ್ಟರೆ ಅವುಗಳ ಭೇದವನ್ನು ಕಣ್ಣು ಅರಿಯಲಾರದು. ಮೊಬೈಲ್ ಪರದೆಯ ಮೇಲೆ ಮೂಡಿದ ಚೆಂಡುಹೂವಿನ ಹಳದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅಲ್ಲಿರುವುದು ಒತ್ತೊತ್ತಾಗಿ ಹೊಳೆಯುವ ಕೆಂಪು ಮತ್ತು ಹಸಿರು ಚುಕ್ಕೆಗಳೇ ಹೊರತು ಹಳದಿ ಚುಕ್ಕೆ ಒಂದೂ ಅಲ್ಲ. ಇತ್ತ ಸೂರ್ಯಕಾಂತಿ ಹೂವಿನ ಎಸಳು ನಮ್ಮ ಕಣ್ಣಿಗೆ ಬುಡದಿಂದ ತುದಿಯವರೆಗೆ ಹಳದಿಯೇ ಆದರೂ, ತುದಿ ಅತಿನೇರಳೆ ಕಿರಣಗಳನ್ನು ಪ್ರತಿಫಲಿಸುವುದರಿಂದಲೂ ಬುಡ ಅವನ್ನು ಹೀರಿಕೊಳ್ಳುವುದರಿಂದಲೂ, ಆ ಕಿರಣಗಳನ್ನು ಕಾಣಬಲ್ಲ ಜೇನುನೊಣಕ್ಕೆ ಅದು ಎರಡು ಬಣ್ಣದ ಎಸಳು.

ಜಾನ್ ಡಾಲ್ಟನ್ ಎಂಬ ಇಂಗ್ಲಿಷ್ ರಸಾಯನವಿಜ್ಞಾನಿಯ ಪ್ರಸಂಗ ಇಲ್ಲಿ ಹೆಚ್ಚು ಬೆಳಕು ಬೀರುತ್ತದೆ. ಹಗಲಿನಲ್ಲಿ ಆಕಾಶನೀಲಿಯಾಗಿ ಕಂಡ ಜೆರೇನಿಯಂ ಹೂವು 1792ರಲ್ಲಿ ಒಮ್ಮೆ ಮೋಂಬತ್ತಿಯ ಬೆಳಕಿನಲ್ಲಿ ಅವನಿಗೆ ಕೆಂಪಾಗಿ ತೋರಿತು. ಹೂವು ಎಲ್ಲರಿಗೂ ಹೀಗೆಯೇ ಬದಲಾಗುತ್ತದೆಂದು ಭಾವಿಸಿ ವಿಚಾರಿಸಿದಾಗ, ಅವನ ಅಣ್ಣನ ವಿನಾ ಬೇರೆ ಯಾರೂ ಅದನ್ನು ಅನುಮೋದಿಸಲಿಲ್ಲ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕೆಂದು ಅವನು ಊಹಿಸಿ 1794ರಲ್ಲಿ ಪ್ರಬಂಧ ಮಂಡಿಸಿದನು. 1844ರಲ್ಲಿ ಅವನು ತೀರಿಕೊಂಡ ಮೇಲೆ ಕಣ್ಣನ್ನು ಪರೀಕ್ಷಿಸಿದಾಗ ದ್ರವ ತಿಳಿಯಾಗಿಯೇ ಇತ್ತು. ಕಾಪಿಟ್ಟಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷೆಯಿಂದ, ಮಧ್ಯಮ ತರಂಗದೂರಕ್ಕೆ ಸ್ಪಂದಿಸುವ ವರ್ಣದ್ರವ್ಯ ಅವನಲ್ಲಿರಲಿಲ್ಲವೆಂದು 1995ರಲ್ಲಿ ತಿಳಿದುಬಂತು. ಗಮನಿಸಬೇಕಾದ ಸಂಗತಿಯೆಂದರೆ, ಡಾಲ್ಟನ್‌ಗೆ ತನ್ನ ದೃಷ್ಟಿಯ ಮಿತಿ ತಿಳಿದದ್ದು ಕಣ್ಣಿನಿಂದಲ್ಲ, ನಂಬತಕ್ಕವರ ಮಾತಾದ ಆಪ್ತವಾಕ್ಯದಿಂದ ಮತ್ತು ಅದನ್ನು ಆಧರಿಸಿದ ಅನುಮಾನದಿಂದ. ಕಣ್ಣು ತನ್ನ ಮಿತಿಯನ್ನು ತಾನೇ ಕಾಣಲಾರದು, ಏಕೆಂದರೆ ಕಾಣದಿರುವಿಕೆ ಒಂದು ಕಪ್ಪು ಕಲೆಯಾಗಿ ದೃಷ್ಟಿಯೊಳಗೆ ಇರುವುದಿಲ್ಲ. ಅನೇಕ ಹಕ್ಕಿಗಳಿಗೆ ನಾಲ್ಕು ಬಗೆಯ ಶಂಕುಕೋಶಗಳಿರುವುದರಿಂದ, ಅವುಗಳ ಎದುರಿನಲ್ಲಿ ಮನುಷ್ಯಕುಲವೆಲ್ಲ ಡಾಲ್ಟನ್ನನ ಸ್ಥಾನದಲ್ಲಿದೆ.

ಹಾಗಾದರೆ ಮನುಷ್ಯ ಕಾಣುವ ಬಣ್ಣಗಳೆಲ್ಲ ಪೀತಶಂಖದಂತೆ ಭ್ರಮೆಯೇ? ಹೌದೆನ್ನುವವರು ಇಂದು ಬಹಳ ಮಂದಿ ಇದ್ದಾರೆ. ಆದರೆ ಅವರು ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತಾರೆ. ಶಾಸ್ತ್ರಕಾರರ ಪ್ರಕಾರ ಒಂದು ಜ್ಞಾನ ಭ್ರಮೆ ಎನಿಸಬೇಕಾದರೆ ಅದಕ್ಕೆ ‘ಬಾಧ’, ಎಂದರೆ ಅದನ್ನು ಅಲ್ಲಗಳೆಯುವ ಇನ್ನೊಂದು ಜ್ಞಾನ, ಬರಬೇಕು. ಪಿತ್ತ ಇಳಿದ ಮೇಲೆ ಹುಟ್ಟುವ ‘ಶಂಖ ಬಿಳಿ’ ಎಂಬ ಅರಿವು ಹಿಂದಿನ ‘ಶಂಖ ಹಳದಿ’ ಎಂಬುದನ್ನು ಕಿತ್ತುಹಾಕುತ್ತದೆ. ಜೇನುನೊಣದ ದೃಷ್ಟಿಯಾದರೋ ಎಸಳು ಹಳದಿ ಎಂಬ ನಮ್ಮ ಅರಿವನ್ನು ಕಿತ್ತುಹಾಕದೆ, ನಮಗೆ ಸಿಗದ ಒಂದು ಭೇದವನ್ನು ಅದಕ್ಕೆ ಸೇರಿಸುತ್ತದೆ. ಪರದೆಯ ಹಳದಿ ಇದಕ್ಕಿಂತ ಕಠಿನವಾದ ಪ್ರಶ್ನೆ; ಅಲ್ಲಿಯೂ ‘ಹೂವು, ಪರದೆ ಎರಡೂ ಹಳದಿಯಾಗಿ ಕಾಣುತ್ತವೆ’ ಎಂಬ ಪ್ರತ್ಯಕ್ಷ ಉಳಿಯುತ್ತದೆ, ‘ಆದ್ದರಿಂದ ಎರಡೂ ಒಂದೇ ಬೆಳಕು’ ಎಂಬ ಅನುಮಾನ ಮಾತ್ರ ಬೀಳುತ್ತದೆ. ತಪ್ಪು ಕಣ್ಣಿನದಲ್ಲ, ಅದರ ಮೇಲೆ ಕಟ್ಟಿದ ತರ್ಕದ್ದು.

ಕಾಣದ ಬಣ್ಣ ಎಂಬ ಕಲ್ಪನೆ ನ್ಯಾಯಶಾಸ್ತ್ರಕ್ಕೂ ಹೊಸದಲ್ಲ. ಬಿಸಿನೀರಿನಲ್ಲಿ ಸೇರಿದ ತೇಜಸ್ಸಿಗೆ ರೂಪವಿದ್ದರೂ ಅದು ‘ಅನುದ್ಭೂತ’, ಎಂದರೆ ಕಣ್ಣಿಗೆ ಪ್ರಕಟವಾಗದ್ದು, ಎಂದು ಆ ಶಾಸ್ತ್ರ ಹೇಳುತ್ತದೆ. ಅಲ್ಲಿ ಪ್ರಕಟವಾಗದಿರುವುದು ರೂಪದ ಸ್ವಭಾವ. ಇಲ್ಲಿಯಾದರೋ ಅದು ನೋಡುವ ಇಂದ್ರಿಯವನ್ನು ಅವಲಂಬಿಸಿದೆ, ಏಕೆಂದರೆ ಮನುಷ್ಯನಿಗೆ ಅನುದ್ಭೂತವಾದದ್ದು ಜೇನಿಗೆ ಉದ್ಭೂತ. ಹಳೆಯ ಪರಿಕಲ್ಪನೆಗೆ ಇಷ್ಟು ತಿದ್ದುಪಡಿ ಅಗತ್ಯವೆಂದು ಒಪ್ಪಬೇಕಾಗುತ್ತದೆ.

ವರ್ಣದೃಷ್ಟಿಯ ಮಿತಿಯನ್ನು ಮುಂದಿಟ್ಟು, ಜಗತ್ತು ಮಾಯೆಯೆಂದು ವಿಜ್ಞಾನವೇ ಸಾಧಿಸಿತು ಎನ್ನುವುದು ಅದ್ವೈತಕ್ಕೂ ಗೌರವ ತರುವ ಮಾತಲ್ಲ. ಶಂಕರರ ಮತದಲ್ಲಿ ಪ್ರಪಂಚಕ್ಕೆ ಬಾಧ ಬರುವುದು ಬ್ರಹ್ಮಜ್ಞಾನದಿಂದ, ಅದಕ್ಕೆ ಪ್ರಮಾಣ ಶ್ರುತಿ. ಅಲ್ಲಿಯವರೆಗಿನ ವ್ಯವಹಾರದಲ್ಲಿ ಶಂಖ ಬಿಳಿ ಎಂಬುದನ್ನು ಅವರೂ ಅಲ್ಲಗಳೆಯಲಿಲ್ಲ.